ಆಂಪ್ಲಿಫೈಯರನ್ನು ತಣ್ಣಗಾಗಿಸಿದ ಟೆಲಿಫೋನಿನವರು

ಕಮ್ಮನಹಳ್ಳಿ, ಲಿಂಗರಾಜಪುರದ ಗಣೇಶನ ಪೆಂಡಾಲುಗಳಲ್ಲಿ ಹಿಂದೆ ಹಾಡು ನಿಲ್ಲುವ ಹೊತ್ತಿಗೆ ಆಂಪ್ಲಿಫೈಯರ್ ಮುಟ್ಟಲಾರದಷ್ಟು ಕಾದಿರುತ್ತಿತ್ತು. ಈಗಿನದು ಅಷ್ಟು ಕಾಯುವುದಿಲ್ಲ. ಇದರ ಹಿಂದಿರುವುದು ಟೆಲಿಫೋನ್ ಎಂಜಿನಿಯರುಗಳ ತಲೆ.

1920ರ ದಶಕದ ಅಮೆರಿಕದಲ್ಲಿ ಒಂದೇ ತಂತಿಯಲ್ಲಿ ಹಲವರ ಮಾತನ್ನು ದೂರದೂರಿಗೆ ಕಳಿಸಬೇಕಿತ್ತು. ದಾರಿಯುದ್ದಕ್ಕೂ ಆಂಪ್ಲಿಫೈಯರುಗಳು, ಪ್ರತಿಯೊಂದೂ ತನ್ನ ಪಾಲಿನ ವಿರೂಪ ಬೆರೆಸಿ ಮುಂದಕ್ಕೆ ಕಳಿಸುತ್ತಿತ್ತು. ಟೆಲಿಫೋನ್ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1923ರಲ್ಲಿ ವಿರೂಪವನ್ನಷ್ಟೇ ಬೇರ್ಪಡಿಸಿ ಕಳೆಯುವ ಉಪಾಯ ಮಾಡಿದ. ಕೆಲಸವೇನೋ ಮಾಡಿತು, ಆದರೆ ಹಗಲೂ ರಾತ್ರಿ ಗಂಟೆಗೊಮ್ಮೆ ಯಾರಾದರೂ ಅದನ್ನು ಸರಿಹೊಂದಿಸುತ್ತಿರಬೇಕಿತ್ತು.

1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೊರಟಿದ್ದಾಗ ಬ್ಲ್ಯಾಕ್‌ಗೆ ದಾರಿ ಹೊಳೆಯಿತು. ಕೈಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಖಾಲಿ ಜಾಗದಲ್ಲೇ ಚಿತ್ರ, ಸಮೀಕರಣ ಬರೆದುಕೊಂಡ. ಹೊರಬಂದ ಸದ್ದಿನ ಒಂದಂಶವನ್ನು ತಿರುಗುಮುರುಗು ಮಾಡಿ ಒಳಕ್ಕೆ ಕಳಿಸುವುದು: ನೆಗೆಟಿವ್ ಫೀಡ್‌ಬ್ಯಾಕ್. (ಮೈಕನ್ನು ಬಾಕ್ಸಿನ ಮುಂದೆ ಹಿಡಿದರೆ ಕುಂಯ್ ಎಂದು ಕಿರುಚುತ್ತದಲ್ಲ, ಅಲ್ಲಿ ಸದ್ದು ತಿರುಗದೆ ಹಾಗೇ ಒಳಹೋಗುತ್ತದೆ.) ಲಕ್ಷ ಪಟ್ಟು ಹಿಗ್ಗಿಸಬಲ್ಲ ಆಂಪ್ಲಿಫೈಯರನ್ನು ನೂರು ಪಟ್ಟಿಗೆ ಇಳಿಸಿದರೆ ವಿರೂಪ ಸುಮಾರು ಸಾವಿರ ಪಟ್ಟು ತಗ್ಗುತ್ತದೆ. ಕಷ್ಟಪಟ್ಟು ಗಳಿಸಿದ ಬಲವನ್ನು ಬೇಕೆಂದೇ ಕಳೆದುಕೊಳ್ಳುವುದು ಪೇಟೆಂಟ್ ಕಚೇರಿಗೆ ಹುಚ್ಚಾಟದಂತೆ ಕಂಡಿತು. 1928ರ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ನಮ್ಮ ಕೆ.ಆರ್. ಪುರದ ಮಗ್ಗುಲಿನ ದೂರವಾಣಿನಗರದಲ್ಲಿ 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ ಶುರುವಾಗುವ ಹೊತ್ತಿಗೆ ದೂರದ ಲೈನುಗಳಿಗೆ ನೆಗೆಟಿವ್ ಫೀಡ್‌ಬ್ಯಾಕ್ ರೂಢಿಯ ವಿದ್ಯೆ.

ಸಂಗೀತಕ್ಕೂ ಅದು ಒದಗಿತು. ಸದ್ದಿಲ್ಲದಾಗಲೂ ಕರೆಂಟು ಎಳೆಯುತ್ತಲೇ ಇರುವ ಕ್ಲಾಸ್ ಎ ಆಂಪ್ಲಿಫೈಯರ್, ಗಿರಾಕಿ ಇಲ್ಲದಿದ್ದರೂ ಉರಿಯುವ ಹೋಟೆಲ್ ಒಲೆ. ಎಷ್ಟು ಚೆನ್ನಾಗಿ ಕಟ್ಟಿದರೂ ದಕ್ಷತೆ ಶೇ. 50 ದಾಟದು. ಕ್ಲಾಸ್ ಬಿಯಲ್ಲಿ ಅರ್ಧ ಅಲೆ ಒಂದು ಟ್ರಾನ್ಸಿಸ್ಟರಿಗೆ, ಇನ್ನರ್ಧ ಮತ್ತೊಂದಕ್ಕೆ. ಲೆಕ್ಕದ ಮಿತಿ ಶೇ. 78.5. ಆದರೆ ಒಂದು ಬಿಟ್ಟು ಇನ್ನೊಂದು ಹಿಡಿಯುವ ಗಳಿಗೆಯಲ್ಲಿ ಸದ್ದು ಮುರಿಯುತ್ತದೆ. ಅಬ್ಬರದ ಹಾಡಿನಲ್ಲಿ ಮುಚ್ಚಿಹೋಗುವ ಈ ಕರಕರ, ವೀಣೆಯ ನಾದ ಕರಗುವಾಗ ಕಿವಿಗೆ ಚುಚ್ಚುತ್ತದೆ. ಎರಡರಲ್ಲೂ ಚೂರು ಕರೆಂಟು ಸದಾ ಹರಿಯಬಿಟ್ಟು (ಕ್ಲಾಸ್ ಎಬಿ), ಉಳಿದದ್ದನ್ನು ಫೀಡ್‌ಬ್ಯಾಕಿಗೆ ಬಿಟ್ಟರು.

ಬಿಸಿ ಮಾತ್ರ ಉಳಿಯಿತು. ಅದಕ್ಕೆ ಮದ್ದು ಕೊಟ್ಟ ಅಲೆಕ್ ರೀವ್ಸ್ ಕೂಡ ಟೆಲಿಫೋನಿನವನೇ, ಮಾತನ್ನು ಅಂಕಿಗಳಾಗಿಸುವ ಪಿಸಿಎಂ ಪದ್ಧತಿಯನ್ನು 1937ರಲ್ಲೇ ಕಂಡುಹಿಡಿದವನು. 1950ರ ದಶಕದಲ್ಲಿ ಅವನಿಗೆ ಹೊಳೆದದ್ದು ಕ್ಲಾಸ್ ಡಿ. ಟ್ರಾನ್ಸಿಸ್ಟರ್ ಕಾಯುವುದು ಅರೆಬರೆ ತೆರೆದಿರುವಾಗ. ಹಾಗಾಗಿ ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್. ಸದ್ದಿಗೆ ತಕ್ಕಂತೆ ಈ ಆನ್-ಆಫ್ ಮಿಡಿತಗಳ ಅಗಲ ಬದಲಾಗುತ್ತದೆ, ಕಾಯಿಲು-ಕೆಪಾಸಿಟರು ಅವನ್ನು ಮತ್ತೆ ಅಲೆಯಾಗಿ ನುಣುಪು ಮಾಡುತ್ತವೆ. 1964ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಇದನ್ನು ಎಕ್ಸ್-10 ಎಂಬ ಕಿಟ್ ರೂಪದಲ್ಲಿ ಮಾರಿತು. ಅಂದಿನ ಟ್ರಾನ್ಸಿಸ್ಟರುಗಳಿಗೆ ಅಷ್ಟು ವೇಗದ ಆನ್-ಆಫ್ ಒಗ್ಗಲಿಲ್ಲ. ಚುರುಕಾದ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಬಂದ ಮೇಲೆ ದಕ್ಷತೆ ಶೇ. 90 ಮುಟ್ಟಿತು, ಸ್ವಿಚ್ಚಿನ ಸಣ್ಣಪುಟ್ಟ ತಪ್ಪು ತಿದ್ದಲು ಅಲ್ಲಿಯೂ ಬೇಕಾದದ್ದು ಬ್ಲ್ಯಾಕ್‌ನ ಫೀಡ್‌ಬ್ಯಾಕೇ.

ಕ್ಲಾಸ್ ಎ ಸ್ವರವೇ ಸಿಹಿ ಎನ್ನುವವರು ಇಂದಿಗೂ ಇದ್ದಾರೆ. ಪೆಂಡಾಲಿನ ಜನರೇಟರಿಗೆ ಡೀಸೆಲ್ ಹಾಕಿಸುವವರು ಅವರಲ್ಲ.