ನೋವುನಿವಾರಕಗಳ ಅವಲಂಬನೆ: ಅದನ್ನು ಗುರುತಿಸುವ ಬಗೆ

ವೈದ್ಯರ ಚೀಟಿಯ ಮೂಲಕ ಮನೆಗೆ ಬಂದ ಗುಳಿಗೆಯನ್ನು ಯಾರೂ ಸಂಶಯದಿಂದ ಕಾಣುವುದಿಲ್ಲ. ನಜರ್‌ಬಾದಿನಂತಹ ಹಳೆಯ ಬಡಾವಣೆಯ ಮನೆಗಳಲ್ಲಿಯೂ ಶಸ್ತ್ರಚಿಕಿತ್ಸೆಯ ತರುವಾಯ ಉಳಿದ ಗುಳಿಗೆಗಳು ಕಪಾಟು ಸೇರುವುದುಂಟು. ಅವಲಂಬನೆಯು ಕಾಲಿಡುವುದು ಇಂತಹ ನಿಶ್ಚಿಂತೆಯ ದಾರಿಯಲ್ಲಿಯೇ.

ನೋವುನಿವಾರಕಗಳೆಲ್ಲವೂ ಒಂದೇ ಜಾತಿಯವಲ್ಲ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಮೊದಲಾದವು ಅಫೀಮಿನ ವರ್ಗಕ್ಕೆ ಸೇರಿದವಲ್ಲ. ಮಾರ್ಫಿನ್, ಕೊಡೀನ್, ಟ್ರಮಡಾಲ್‌ಗಳು ಆ ವರ್ಗದವು. ಇವನ್ನು ಓಪಿಯಾಯ್ಡ್‌ಗಳೆಂದು ಕರೆಯುತ್ತಾರೆ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದ 10ರಿಂದ 75 ವರ್ಷದವರಲ್ಲಿ ಸುಮಾರು ಶೇ. 2.1ರಷ್ಟು ಜನರು ಓಪಿಯಾಯ್ಡ್‌ಗಳನ್ನು ಬಳಸುತ್ತಿದ್ದರು. ಔಷಧರೂಪದವನ್ನು ಬಳಸುತ್ತಿದ್ದವರು ಶೇ. 1ರ ಸಮೀಪದಲ್ಲಿದ್ದರು. ಟ್ರಮಡಾಲ್ 2018ರಲ್ಲಿ ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ಬಂದಿತು.

ಇಲ್ಲಿ ಮೂರು ಸಂಗತಿಗಳನ್ನು ಬೇರ್ಪಡಿಸಿ ತಿಳಿಯಬೇಕು. ಅದೇ ಪ್ರಮಾಣದಿಂದ ಮೊದಲಿನ ಫಲ ದೊರೆಯದಿರುವುದು ಸಹಿಷ್ಣುತೆ. ಔಷಧ ತಪ್ಪಿದಾಗ ಆಕಳಿಕೆ, ಕಣ್ಣುಮೂಗುಗಳಲ್ಲಿ ನೀರು, ರೋಮಾಂಚ, ಮೈಕೈ ನೋವು, ಭೇದಿ, ನಿದ್ರಾಹೀನತೆಗಳು ತೋರುವುದು ದೈಹಿಕ ಅವಲಂಬನೆ. ಹಾನಿಯನ್ನು ಅರಿತೂ ಬಿಡಲಾರದಿರುವುದು ವ್ಯಸನ. ಮೊದಲೆರಡು, ವೈದ್ಯರ ಆಜ್ಞೆಯಂತೆ ಔಷಧ ಸೇವಿಸುವ ಕ್ಯಾನ್ಸರ್ ರೋಗಿಯಲ್ಲಿಯೂ ಕಾಣಬಹುದು. ಅಷ್ಟರಿಂದಲೇ ಆತನನ್ನು ವ್ಯಸನಿಯೆನ್ನುವುದು ಅನ್ಯಾಯ. ಆ ಹೆಸರಿಗೆ ಹೆದರಿ ರೋಗಿಯು ನೋವನ್ನು ನುಂಗಿಕೊಂಡು ಕೂರುವಂತಾಗಬಾರದು.

ಹಾಗಾದರೆ ವ್ಯಸನದ ಸುಳಿವುಗಳಾವುವು? ನೋವು ಶಮನವಾದ ಮೇಲೂ ಗುಳಿಗೆ ಬೇಕೆನಿಸುವುದು, ನೋವಿಗಲ್ಲದೆ ದುಃಖಕ್ಕೋ ನಿದ್ರೆಗೋ ಅದನ್ನು ನುಂಗುವುದು, ನಿಗದಿಯಾದ ದಿನಕ್ಕೆ ಮುಂಚೆಯೇ ಗುಳಿಗೆ ಮುಗಿಯುವುದು, ಒಬ್ಬರಿಗೆ ತಿಳಿಯದಂತೆ ಮತ್ತೊಬ್ಬ ವೈದ್ಯರಿಂದ ಚೀಟಿ ಪಡೆಯುವುದು, ಲೆಕ್ಕವನ್ನು ಮರೆಮಾಚುವುದು, ಪಾಠ, ಉದ್ಯೋಗ, ಸ್ನೇಹಗಳಲ್ಲಿ ಆಸಕ್ತಿ ಕುಂದುವುದು. ತೂಕಡಿಕೆ, ಮಲಬದ್ಧತೆ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆಗಳು ದೇಹದಲ್ಲಿ ಕಾಣುವ ಕುರುಹುಗಳು. ಇವುಗಳಲ್ಲಿ ಒಂದನ್ನೇ ಹಿಡಿದು ತೀರ್ಮಾನಿಸಲಾಗದು. ಹಲವು ಕೂಡಿ ಕಂಡಾಗ ವೈದ್ಯರ ಪರೀಕ್ಷೆ ಅವಶ್ಯಕ. ಮದ್ಯದೊಡನೆ ಸೇವಿಸಿದಲ್ಲಿ ಉಸಿರಾಟವೇ ನಿಲ್ಲಬಹುದೆಂಬುದನ್ನು ಮರೆಯಲಾಗದು.

ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವುದು ಸರಿಯಲ್ಲ; ವೈದ್ಯರ ಮೇಲ್ವಿಚಾರಣೆಯಲ್ಲಿ ಕ್ರಮಕ್ರಮವಾಗಿ ಇಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. 14446 ರಾಷ್ಟ್ರೀಯ ಸಹಾಯವಾಣಿಯೂ ಉಂಟು. ವಿದ್ಯಾರ್ಥಿಯಲ್ಲಿ ಈ ಚಿಹ್ನೆಗಳನ್ನು ಕಂಡ ಅಧ್ಯಾಪಕರು ಅವನನ್ನು ಅಪರಾಧಿಯಂತೆ ವಿಚಾರಿಸದೆ, ರೋಗಿಯೆಂದು ತಿಳಿದು ಏಕಾಂತದಲ್ಲಿ ಮಾತನಾಡಿಸುವುದು ಉಚಿತ. ನಾಚಿಕೆಯು ರೋಗವನ್ನು ಅಡಗಿಸುತ್ತದೆ. ವಿಶ್ವಾಸವು ಅದನ್ನು ಚಿಕಿತ್ಸೆಯವರೆಗೆ ತರುತ್ತದೆ.