ಕವಡೆಯ ಲೆಕ್ಕ, ಗಣದ ಲೆಕ್ಕ

ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಕ್ತಲ್ ಕಡೆಯ ಕನ್ನಡ ಮನೆಗಳ ವಿದ್ಯಾರ್ಥಿಯು ಗಣಿತದ ಒಂದೇ ಪರಿಕಲ್ಪನೆಗೆ ಮೂರು ಹೆಸರುಗಳನ್ನು ಕೇಳಬಲ್ಲನು: ಕನ್ನಡದಲ್ಲಿ ‘ಸಂಭವನೀಯತೆ’, ತೆಲುಗಿನಲ್ಲಿ ‘ಸಂಭಾವ್ಯತ’, ಮರಾಠಿಯಲ್ಲಿ ‘ಸಂಭಾವ್ಯತಾ’. ಮೂರೂ ‘ಭೂ’ ಧಾತುವಿನಿಂದಲೇ ಬಂದವು. ‘ಸಂಭವನೀಯ’ವೆಂದರೆ ಸಂಭವಿಸಬಹುದಾದದ್ದು; ‘ಸಂಭಾವ್ಯ’ವೆಂದರೆ ಸಂಭವಿಸೀತೆಂದು ಭಾವಿಸಬಹುದಾದದ್ದು. ಒಂದರ ದೃಷ್ಟಿ ಘಟನೆಯ ಮೇಲೆ, ಇನ್ನೊಂದರದು ಭಾವಿಸುವ ಮನಸ್ಸಿನ ಮೇಲೆ. ಪರಿಭಾಷೆಯಾಗಿ ಇವುಗಳಲ್ಲಿ ಭೇದವಿಲ್ಲ. ಆದರೆ ಗಣಿತದೊಳಗೆ ಇಂಥದೇ ಒಂದು ಭೇದವಿದೆ. ಪ್ರಯೋಗ ನಡೆಸಿ, ಎಣಿಸಿ ಕಂಡುಕೊಂಡದ್ದು ಪ್ರಾಯೋಗಿಕ ಸಂಭವನೀಯತೆ; ಪ್ರಯೋಗಕ್ಕೆ ಮೊದಲೇ ತರ್ಕದಿಂದ ಹೇಳುವುದು ಸೈದ್ಧಾಂತಿಕ ಸಂಭವನೀಯತೆ.

ಈ ಭೇದವನ್ನು ತಿಳಿಯಲು ಚೌಕಾಬಾರದ ನಾಲ್ಕು ಕವಡೆಗಳು ಸಾಕು. ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಅಂಕ. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು, ಅದೇ ‘ಬಾರಾ’. (ಮರಾಠಿ ಬಲ್ಲವರಿಗೆ ಇದು ವಿಚಿತ್ರ, ಅಲ್ಲಿ ಬಾರಾ ಎಂದರೆ ಹನ್ನೆರಡು.) ಪ್ರತಿ ಕವಡೆಗೂ ಎರಡು ಸ್ಥಿತಿ, ನಾಲ್ಕಕ್ಕೆ ಒಟ್ಟು 16. ಅವುಗಳಲ್ಲಿ ಎಂಟು ಬೀಳುವುದು 1 ಬಗೆಯಲ್ಲಿ, ಒಂದು 4, ಎರಡು 6, ಮೂರು 4, ನಾಲ್ಕು 1 ಬಗೆಯಲ್ಲಿ.

ಛಂದಸ್ಸು ಓದಿದವರಿಗೆ 1, 4, 6, 4, 1 ಎಂಬ ಸಾಲು ಅಪರಿಚಿತವಲ್ಲ. ನಾಲ್ಕಕ್ಷರದ ಪಾದವನ್ನು ಪ್ರಸ್ತಾರಿಸಿ, ಗುರುಗಳ ಸಂಖ್ಯೆಯಂತೆ ವಿಂಗಡಿಸಿದರೆ ದೊರೆಯುವ ಮೇರುಪ್ರಸ್ತಾರದ ಸಾಲೇ ಇದು. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳನ್ನು ಎಣಿಸುವ ಸೂತ್ರವನ್ನು ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಗ್ರಂಥಾರಂಭದಲ್ಲಿ ಅವನು ಸ್ತುತಿಸುವ ದೊರೆ ಅಮೋಘವರ್ಷ ನೃಪತುಂಗ. ಆ ದೊರೆಯ ರಾಜಧಾನಿ ಮಳಖೇಡ ಕಾಗಿಣಾ ನದಿಯ ದಂಡೆಯಲ್ಲಿದೆ. ಕಾಗಿಣಾ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು ಸೇರುವುದು ಇದೇ ಕೃಷ್ಣಾ ಮಂಡಲದ ಸಮೀಪದಲ್ಲಿ.

ಹಾಗಾದರೆ ‘ಬಾರಾ’ದ ಸಂಭವನೀಯತೆ 1/16 ಎನ್ನಬಹುದೆ? ಇಲ್ಲಿಯೇ ಎಚ್ಚರ ಬೇಕು. ಹದಿನಾರು ಬಗೆಗಳೂ ಸಮಸಂಭವವಾಗಿದ್ದರೆ ಮಾತ್ರ ಆ ಮಾತು ಸಲ್ಲುತ್ತದೆ. ನಾಣ್ಯದ ಎರಡು ಮುಖಗಳು ಬಹುಮಟ್ಟಿಗೆ ಸಮ. ಕವಡೆಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆಯಾದ ಸೀಳುಬಾಯಿ. ಬಾಯಿ ಮೇಲಾಗುವ ಸಂಭವನೀಯತೆ 2/5 ಎಂದು ಊಹಿಸಿದರೆ, ಎಂಟು ಬೀಳುವುದು 81/625, ನಾಲ್ಕು ಬೀಳುವುದು 16/625. ಸಮವಾಗಿದ್ದ ಎರಡರ ನಡುವೆ ಐದು ಪಟ್ಟು ಅಂತರ! ಆದರೆ ಆ 2/5 ಕೂಡ ಊಹೆಯೇ. ನಿಜಸಂಖ್ಯೆ ತಿಳಿಯಬೇಕಾದರೆ ಕವಡೆಯನ್ನೇ ಎಸೆಯಬೇಕು.

ಎಷ್ಟು ಸಲ? ಪ್ರಯೋಗಗಳು ಹೆಚ್ಚಿದಂತೆ ಪ್ರಾಯೋಗಿಕ ಮೌಲ್ಯವು ನಿಜಮೌಲ್ಯದ ಸಮೀಪಕ್ಕೆ ಬರುವುದು ಹೆಚ್ಚು ಹೆಚ್ಚು ನಿಶ್ಚಿತವಾಗುತ್ತದೆಂದು ತೋರಿಸಿದ ಯಾಕೋಬ್ ಬರ್ನೂಲಿಯ ಗ್ರಂಥ 1713ರಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವನ್ನು 10,000 ಸಲ ಚಿಮ್ಮಿಸಿದನು. ತಲೆ ಬಿದ್ದದ್ದು 5,067 ಸಲ. ಹತ್ತು ಸಲದಲ್ಲಿ ಏಳು ತಲೆ ಬಿದ್ದರೆ ಆಶ್ಚರ್ಯವಿಲ್ಲ. ಸಾವಿರದಲ್ಲಿ ಏಳುನೂರು ಬಿದ್ದರೆ ನಾಣ್ಯವನ್ನೇ ಸಂದೇಹಿಸಬೇಕು.

ಕಾವ್ಯವೂ ಇಂಥ ಎಣಿಕೆಗೆ ಹೊರತಲ್ಲ. 1913ರಲ್ಲಿ ರಷ್ಯದ ಗಣಿತಜ್ಞ ಮಾರ್ಕೊವ್ ಪುಷ್ಕಿನ್ನನ ‘ಯೆವ್ಗೆನಿ ಒನೇಗಿನ್’ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ 8,638 ಸ್ವರಗಳನ್ನು ಕಂಡನು; ಸ್ವರದ ಬೆನ್ನಿಗೇ ಸ್ವರ ಬಂದದ್ದು 1,104 ಸಲ ಮಾತ್ರ. ನಾಣ್ಯದ ಎಸೆತಗಳಂತೆ ಅಕ್ಷರಗಳು ಪರಸ್ಪರ ಸ್ವತಂತ್ರವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಕನ್ನಡದಲ್ಲಿ ಅಕ್ಷರಗಣಗಳು ಎಂಟು. ಗುರು-ಲಘುಗಳು ಸಮಸಂಭವವಾಗಿದ್ದು, ಒಂದನ್ನೊಂದು ಅವಲಂಬಿಸದಿದ್ದರೆ ಪ್ರತಿ ಗಣಕ್ಕೂ 1/8. ಉತ್ಪಲಮಾಲೆಯ ಪಾದದ ಮೊದಲಲ್ಲಿ ಭಗಣದ ಸಂಭವನೀಯತೆ 1, ನಿಯಮವೇ ಹಾಗೆ. ವಚನಕ್ಕೆ ಅಂಥ ನಿಯಮವಿಲ್ಲ. ಅಲ್ಲಿ ಯಾವ ಗಣ ಎಷ್ಟು ಸಲ ಬರುತ್ತದೆಂಬುದನ್ನು ಪ್ರಸ್ತಾರ ಹೇಳಲಾರದು. ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಹತ್ತು ವಚನಗಳನ್ನು ಮುಂದಿಟ್ಟುಕೊಂಡು, ಮೂರು ಮೂರು ಅಕ್ಷರಗಳಿಗೆ ಗೆರೆ ಹಾಕಿ, ಗುರು-ಲಘು ಗುರುತಿಸಿ ಎಣಿಸಬೇಕು. ಹತ್ತು ಸಾಲದಿದ್ದರೆ ನೂರು.