ಅಂಗಡಿಯ ಲೆಕ್ಕ ಮೋಡದಲ್ಲಿ!

ಮಕ್ಕಳೇ, ಮನೆಯಲ್ಲಿ ರಾಗಿ ಹಿಟ್ಟು ಮುಗಿದರೆ ಏನು ಮಾಡುತ್ತೀರಿ? ರಾಗಿಯನ್ನು ಗಿರಣಿಗೆ ಒಯ್ದು, ಬೀಸಿದಷ್ಟಕ್ಕೆ ಹಣ ಕೊಟ್ಟು ಬರುತ್ತೀರಿ. ವಾರಕ್ಕೆ ಐದು ಕಿಲೋ ಹಿಟ್ಟಿಗಾಗಿ ಯಾರೂ ಮನೆಯಲ್ಲೇ ಗಿರಣಿ ಹಾಕಿಸುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅನೇಕ ಸಣ್ಣ ವ್ಯಾಪಾರಿಗಳು ಮಾಡುವುದೂ ಇದನ್ನೇ. ಇದಕ್ಕೆ 'ಕ್ಲೌಡ್', ಅಂದರೆ ಮೋಡದ ಸೇವೆ ಎಂದು ಹೆಸರು.

ಹೆಸರು ಕೇಳಿ ಆಕಾಶ ನೋಡಬೇಡಿ! ಈ ಮೋಡ ಇರುವುದು ನೆಲದ ಮೇಲೆಯೇ. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹಗಲು ರಾತ್ರಿ ದುಡಿದು ಅವು ಬಿಸಿಯಾಗುವುದರಿಂದ ಸದಾ ತಂಪು ಮಾಡುತ್ತಲೇ ಇರಬೇಕು. ಅವುಗಳನ್ನು ನಾವು ಅಂತರ್ಜಾಲದ ಮೂಲಕ ದೂರದಿಂದಲೇ ಬಳಸಬಹುದು. 2006ರಲ್ಲಿ ಅಮೆಜಾನ್ ಕಂಪನಿ ಇಂಥ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡತೊಡಗಿದಾಗ ಬಾಡಿಗೆ ಗಂಟೆಗೆ 10 ಸೆಂಟ್, ಅಂದರೆ ಡಾಲರಿನ ಹತ್ತನೇ ಒಂದು ಭಾಗ ಮಾತ್ರ.

ಅಂತರ್ಜಾಲದಲ್ಲೂ ಸೀರೆ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ದಿನಕ್ಕೆ 50 ಗಿರಾಕಿಗಳು. ದೀಪಾವಳಿ ಬಂತೆಂದರೆ 5,000! ಆ ನಾಲ್ಕು ದಿನಕ್ಕೆಂದು ದೊಡ್ಡ ಕಂಪ್ಯೂಟರ್ ಕೊಂಡರೆ ಉಳಿದ ವರ್ಷವಿಡೀ ಅದಕ್ಕೆ ಕೆಲಸವಿಲ್ಲ. ಚಿಕ್ಕದು ಕೊಂಡರೆ ಹಬ್ಬದ ದಿನವೇ ಒತ್ತಡ ತಾಳದೆ ನಿಂತುಬಿಡುತ್ತದೆ. ಬಾಡಿಗೆಯಾದರೆ ಹಬ್ಬಕ್ಕೆ ಹೆಚ್ಚು ಪಡೆದು, ಮುಗಿದ ಮೇಲೆ ಬಿಟ್ಟುಕೊಡಬಹುದು.

ಬಿಟ್ಟುಕೊಟ್ಟ ಕಂಪ್ಯೂಟರ್ ಸುಮ್ಮನೆ ಕೂರುತ್ತದೆಯೇ? ಇಲ್ಲ. ಸೀರೆ ಅಂಗಡಿಗೆ ದೀಪಾವಳಿಯಲ್ಲಿ ಜನ, ನೋಟ್‌ಬುಕ್ ಅಂಗಡಿಗೆ ಜೂನ್‌ನಲ್ಲಿ ಜನ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಬಳಸುತ್ತಾರೆ. ಅಷ್ಟೇ ಅಲ್ಲ, ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದ ಸಹಾಯದಿಂದ ಹಲವು ಪಾಲು ಮಾಡಿ, ಒಂದೇ ಸಮಯದಲ್ಲಿ ಹಲವರಿಗೆ ಕೊಡಬಹುದು. ಪ್ರತಿಯೊಬ್ಬರಿಗೂ ಅದು ತಮ್ಮದೇ ಕಂಪ್ಯೂಟರ್ ಎನ್ನುವಂತೆ ಕಾಣುತ್ತದೆ. ಸಣ್ಣ ವ್ಯಾಪಾರಿಗೂ ಬಾಡಿಗೆ ಎಟಕುವುದು ಹೀಗೆ. ರಿಪೇರಿ, ಕಾವಲು ಬಾಡಿಗೆ ಕೊಟ್ಟವರ ಪಾಲಿಗೆ. ಅಂಗಡಿಗೆ ಮಳೆನೀರು ನುಗ್ಗಿದರೂ ಉದ್ದರಿ ಲೆಕ್ಕ ಬೇರೆ ಊರಿನಲ್ಲಿ ಭದ್ರ.

ಪೂರ್ತಿ ಭದ್ರವೇ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ಇಂಥದೇ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರದ ಹಲವರ ಮಾಹಿತಿ ಮತ್ತೆ ಸಿಗಲೇ ಇಲ್ಲ. 'ಮೋಡದಲ್ಲಿದೆ, ಚಿಂತೆಯಿಲ್ಲ' ಎಂದು ಅವರು ನಂಬಿದ್ದಿರಬೇಕು.

ಇನ್ನೊಂದು ತೊಡಕೂ ಇದೆ. ಅಂತರ್ಜಾಲ ಕೈಕೊಟ್ಟರೆ ಮೋಡದಲ್ಲಿರುವ ಲೆಕ್ಕ ಕೈಗೆ ಸಿಗುವುದಿಲ್ಲ. ನಿಮ್ಮೂರಿನಲ್ಲಿ ಕಂಪ್ಯೂಟರ್ ಬಿಲ್ಲು ಕೊಡುವ ಅಂಗಡಿಯಿದ್ದರೆ ಹೋಗಿ ಕೇಳಿ: ನೆಟ್ ಇಲ್ಲದ ದಿನ ಅವರು ಬಿಲ್ಲು ಹೇಗೆ ಹಾಕುತ್ತಾರೆ?